ಬಂಡಳ್ಳಿ ಟೀಚರಮ್ಮನಿಗೆ ಕೊಡಬೇಕಿದ್ದ ಅರ್ಧ ಗಂಟೆ

"ಬಂಡಳ್ಳಿಗೆ ಇದೇ ದಾರಿ ತಾನೇ?"

ಹುಣಸೆ ಮರದ ಕೆಳಗೆ ಮೇಕೆ ಬಿಟ್ಟುಕೊಂಡು ಕೂತಿದ್ದ ಮುದುಕ ನನ್ನನ್ನೂ, ನನ್ನ ಹೆಗಲ ಚೀಲವನ್ನೂ, ನಾನು ಬಂದ ದಾರಿಯನ್ನೂ ಸರದಿಯ ಮೇಲೆ ನೋಡಿದ.

"ಎಲ್ಲಿಂದ ಬಂದ್ರಿ?"

"ಹನೂರಿಂದ."

"ಅಂಗಾರೆ ಇದಲ್ಲ."

"ಕಂಡಕ್ಟರು ಇಲ್ಲೇ ಇಳಿಯಿರಿ ಅಂದನಲ್ಲ?"

"ಅವ್ನು ಇಳುಸ್ತಾನೆ ಕಣವ್ವ. ಅವ್ನೇನ್ ನಡೀಬೇಕಾ?"

ಅದೂ ನಿಜವೇ. ಎಷ್ಟು ದೂರ ಅಂದೆ. "ಆ ಕಡೀಕ್ ಓಗಿ, ಅರ್ಧ ಗಂಟೆ" ಅಂದ. ಅರ್ಧ ಗಂಟೆ ನಡೆದ ಮೇಲೆ ಸೊಪ್ಪಿನ ಹೊರೆ ಹೊತ್ತ ಹೆಂಗಸೊಬ್ಬಳು ಸಿಕ್ಕಳು. "ಅರ್ಧ ಗಂಟೆ ಆಯ್ತದೆ" ಅಂದಳು. ಮತ್ತೆ ಅರ್ಧ ಗಂಟೆ ನಡೆದೆ. ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ತಳ್ಳುತ್ತಾ ಬಂದವನು ನಿಂತು, ಆಕಾಶ ನೋಡಿ, ಲೆಕ್ಕ ಹಾಕಿ, "ಒಂದರ್ಧ ಗಂಟೆ ಅಂತ ಇಟ್ಕಳಿ" ಅಂದ.

ನನಗೆ ಹೀಗೇ ಆಗುತ್ತದೆ. ಡಾರ್ಜಿಲಿಂಗಿನ ಮಂಜಿನಲ್ಲಿ ದಾರಿ ತಪ್ಪಿದವಳಲ್ಲ, ಕಲ್ಕತ್ತೆಯ ಗಲ್ಲಿಗಳಲ್ಲಿ ತಪ್ಪಿದವಳಲ್ಲ, ಕೊಲಂಬೊದಲ್ಲಿ ಭಾಷೆ ಬರದೆ ಹೋದರೂ ಹೋಟೆಲಿಗೆ ವಾಪಸ್ ಬಂದವಳು. ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ಊರುಗಳ ನಡುವೆ ಮಾತ್ರ ಹದಿನೈದು ವರ್ಷ ಓಡಾಡಿದರೂ ಒಂದು ಸಲ ನೆಟ್ಟಗೆ ಹೋಗಿ ಮುಟ್ಟಿದ ನೆನಪಿಲ್ಲ. ಇಲ್ಲಿ ನನ್ನ ಕೆಲಸವೇನಾಗಿತ್ತು ಅಂದರೆ, ಚೆಸ್ ಕಲಿಯಲು ಹೊರಟವರಿಗೆ ತಾಳ್ಮೆಯನ್ನೂ ಸಮಯಪಾಲನೆಯನ್ನೂ ಹೇಳಿಕೊಡುವುದು. ನಗಬೇಡಿ. ಐದು ನಿಮಿಷ ಒಂದು ಕಡೆ ಕೂತರೆ ಕಾಲು ತುರಿಸುವ ಹೆಂಗಸನ್ನು ನಮ್ಮ ಮೈಸೂರಿನ ಚೆಸ್ ಸಂಘದವರು ಈ ಕೆಲಸಕ್ಕೆ ಆರಿಸಿದರು. ಬೇರೆ ಯಾರೂ ಈ ಬಸ್ಸುಗಳಲ್ಲಿ ಓಡಾಡಲು ಒಪ್ಪಲಿಲ್ಲ ಅನ್ನುವುದು ಒಂದೇ ಕಾರಣ.

ಎರಡು ಸಾವಿರದ ನಾಲ್ಕರ ಆ ಮಧ್ಯಾಹ್ನ ನಾನು ಹೊರಟಿದ್ದು ಕಲಿಸುವುದಕ್ಕಲ್ಲ. ಬಂಡಳ್ಳಿಯ ಒಬ್ಬ ಟೀಚರಮ್ಮನಿಗೆ ನಾನು ಅರ್ಧ ಗಂಟೆ ಬಾಕಿ ಇದ್ದೆ. ಎಂಟು ವರ್ಷದಿಂದ.

೧. ಉಳಿತಾಯ

ಮೊದಲು ಕೊಳ್ಳೇಗಾಲದಿಂದ ಶುರು ಮಾಡುತ್ತೇನೆ. ಶಾಲೆಯ ಮೇಷ್ಟರುಗಳಿಗೆ ನಾವು ಚೆಸ್ ಕಲಿಸುವುದು, ಅವರು ಮಕ್ಕಳಿಗೆ ಕಲಿಸುವುದು, ಇದು ಯೋಜನೆ. ಭಾನುವಾರ ಹತ್ತು ಗಂಟೆಗೆ ಶಿಬಿರ. ಹತ್ತು ಅಂದರೆ ಹನ್ನೊಂದೂವರೆ.

ಚೆಸ್ ಗಡಿಯಾರ ನೋಡದವರಿಗಾಗಿ ಹೇಳುತ್ತೇನೆ. ಒಂದು ಪೆಟ್ಟಿಗೆಗೆ ಎರಡು ಮುಖ, ತಲೆಯ ಮೇಲೆ ಎರಡು ಗುಂಡಿ. ಒಬ್ಬೊಬ್ಬರಿಗೆ ಒಂದೊಂದು ಗಂಟೆ. ನಿಮ್ಮ ಕಾಯಿ ನಡೆಸಿ ನಿಮ್ಮ ಗುಂಡಿ ಒತ್ತಿದರೆ ನಿಮ್ಮ ಗಡಿಯಾರ ನಿಲ್ಲುತ್ತದೆ, ಎದುರಿನವರದು ಓಡುತ್ತದೆ. ಗಂಟೆ ಮುಗಿದರೆ ಮುಳ್ಳಿನ ಪಕ್ಕದ ಕೆಂಪು ಬಾವುಟ ಬೀಳುತ್ತದೆ. ಬಾವುಟ ಬಿದ್ದವರು ಸೋತರು. ಇಷ್ಟೇ.

ಶಿಬಿರದಲ್ಲಿ ಒಬ್ಬರು ಪಿ.ಟಿ. ಮೇಷ್ಟ್ರು ಇದ್ದರು. ಕೊರಳಲ್ಲಿ ಸದಾ ಸೀಟಿ. ಎದುರಿನವರ ಕೈ ಕಾಯಿ ಬಿಡುವುದರೊಳಗೆ ಇವರು ಆಡಿ, ಗುಂಡಿಯನ್ನು ಕುಟ್ಟಿ, ಮೀಸೆ ಮೇಲೆ ಕೈ ಹಾಕಿರುತ್ತಿದ್ದರು. ಮೊದಲ ಆಟ ಎರಡು ನಿಮಿಷಕ್ಕೆ ಸೋತರು. ಎರಡನೆಯದೂ ಅಷ್ಟೇ. "ಮೇಷ್ಟ್ರೇ, ಕಾಯಿ ಮುಟ್ಟೋ ಮುಂಚೆ ಕೈ ಎರಡೂ ತೊಡೆ ಕೆಳಗಿಟ್ಟುಕೊಂಡು ಕೂತ್ಕೊಳ್ಳಿ. ಹತ್ತು ಎಣಿಸಿ" ಅಂದೆ. ಕೂತರು. ಎಣಿಸಿದರು. ಡ್ರಿಲ್ಲಿನಲ್ಲಿ ಎಣಿಸುವ ಹಾಗೆ, ಗಟ್ಟಿಯಾಗಿ, ಹತ್ತನ್ನೂ ಒಂದೇ ಉಸಿರಿಗೆ. ಆಮೇಲೆ ಮಂತ್ರಿಯನ್ನು ಎತ್ತಿ ಎದುರಾಳಿಯ ಕುದುರೆಯ ಬಾಯಿಗೆ ಕೊಟ್ಟರು.

"ಯಾಕೆ ಮೇಷ್ಟ್ರೇ ಇಷ್ಟು ಅವಸರ? ಒಂದು ಗಂಟೆ ಕೊಟ್ಟಿದ್ದೀನಲ್ಲ?"

ಅವರು ಗಡಿಯಾರವನ್ನು ನನ್ನ ಕಡೆ ತಿರುಗಿಸಿ ಹೆಮ್ಮೆಯಿಂದ ತೋರಿಸಿದರು. "ನೋಡಿ ಮೇಡಂ. ನೀವು ಕೊಟ್ಟಿದ್ ಅರವತ್ತು ನಿಮ್ಸ. ನಾನು ಖರ್ಚು ಮಾಡಿರದು ಬರೀ ಎರಡು. ಐವತ್ತೆಂಟು ಹಂಗೇ ಉಳಿಸಿವ್ನಿ."

"ಉಳಿಸಿ ಏನು ಮಾಡ್ತೀರಿ?"

ಅವರು ಕೋಣೆಯ ಮೂಲೆ ಕಡೆ ಗದ್ದ ತೋರಿಸಿದರು. "ಆ ಬಂಡಳ್ಳಿ ಟೀಚರ್‌ಗೆ ಕೊಡಿ. ಪಾಪ, ಅವ್ರಿಗೆ ಸಾಲ್ತಾ ಇಲ್ಲ."

೨. ದೊಡ್ಡವರ ಗಡಿಯಾರ

ಮೂಲೆಯಲ್ಲಿ ಕೂತಿದ್ದ ಬಂಡಳ್ಳಿ ಟೀಚರಮ್ಮನಿಗೆ ಆಗ ಮೂವತ್ತು ಇರಬಹುದು. ಬೆಳಗಿನ ಮೊದಲ ಬಸ್ಸಿಗೆ ಬಂದು, ಬೀಗ ತೆಗೆಯುವವನಿಗಿಂತ ಮುಂಚೆ ಶಾಲೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಕೆಲವು ನಡೆಗಳಿಗೆ ಹದಿನೈದು ನಿಮಿಷ ಯೋಚಿಸುತ್ತಿದ್ದಳು. ಯೋಚಿಸಿ ಆಡಿದರೆ ಎಂಥ ನಡೆ ಅಂತೀರಿ! ನಾನು ಹದಿನಾರು ಊರು ಸುತ್ತಿ ಕಲಿತದ್ದನ್ನು ಈಕೆ ಬಸ್ಸು ಕಾಯುತ್ತಾ ಕಲಿತಿದ್ದಾಳೆ ಅನಿಸುತ್ತಿತ್ತು. ತಾಳ್ಮೆ ಕಲಿಸಲು ಬಂದ ನನಗೆ ಆಕೆಯ ಮುಂದೆ ಕೂರುವುದೇ ಒಂದು ಶಿಕ್ಷೆ.

ಆದರೆ ಪ್ರತಿ ಆಟವನ್ನೂ ಸೋಲುತ್ತಿದ್ದಳು. ಬಾವುಟ ಬಿದ್ದು.

ಒಂದು ಭಾನುವಾರ ಪಕ್ಕದಲ್ಲೇ ನಿಂತು ನೋಡಿದೆ. ಎದುರಿಗೆ ಬೇರೊಂದು ಶಾಲೆಯ ಹೆಡ್‌ಮಾಸ್ಟರು. ಈಕೆ ಚೆನ್ನಾಗಿ ಆಡಿದಳು, ಕೈ ಹಿಂದಕ್ಕೆ ತೆಗೆದುಕೊಂಡಳು, ಸೆರಗು ಸರಿಮಾಡಿಕೊಂಡಳು. ಗುಂಡಿ ಒತ್ತಲಿಲ್ಲ. ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಂಡು ನಿಧಾನಕ್ಕೆ ಯೋಚಿಸುತ್ತಿದ್ದಾರೆ, ಓಡುತ್ತಿರುವುದು ಈಕೆಯ ಗಡಿಯಾರ.

ಹೊರಗೆ ಕರೆದು ಕೇಳಿದೆ. "ಟೀಚರಮ್ಮ, ಗುಂಡಿ ಯಾಕೆ ಒತ್ತಲಿಲ್ಲ?"

"ಹೆಡ್‌ಮಾಸ್ಟ್ರು ಕೂತವ್ರಲ್ಲ ಮೇಡಂ."

"ಕೂತರೆ?"

"ದೊಡ್ಡೋರ ಎದ್ರುಗೆ ಗಡಿಯಾರ ಕುಟ್ಟಿ, 'ಊಂ, ಬೇಗ ಆಡಿ' ಅಂತ ಅನ್ನಕಾಯ್ತದಾ? ಊಟಕ್ ಕೂತೋರ ಎಲೆ ಎಳ್ದಂಗೆ."

"ಅದು ಮರ್ಯಾದೆ ಪ್ರಶ್ನೆಯಲ್ಲಮ್ಮ, ಆಟದ ನಿಯಮ!"

"ನಿಯಮ ಸರಿ ಮೇಡಂ. ಅವ್ರು ನಮ್ ಮಾವನ ಸ್ನೇಯಿತ್ರು."

ನಾನು ಕಂಬಕ್ಕೆ ಒರಗಿದೆ. "ಹೋಗಲಿ, ನಿಮಗಿಂತ ಚಿಕ್ಕವರಾದರೆ ಒತ್ತುತ್ತೀರಾ?" ಆಕೆ ಪ್ರಾಮಾಣಿಕವಾಗಿ ಯೋಚಿಸಿದಳು. "ಚಿಕ್ಕೋರಾದ್ರೆ ಒತ್ತಬೌದು. ಮೆತ್ತಗೆ." ನಾನು ಶಿಬಿರದವರ ಪಟ್ಟಿ ತೆಗೆದು ನೋಡಿದೆ. ಆಕೆಗಿಂತ ಚಿಕ್ಕವರು ಒಬ್ಬರೇ ಇದ್ದರು. ಪಿ.ಟಿ. ಮೇಷ್ಟ್ರು.

ಗೆಲ್ಲಲೇಬೇಕು ಅನ್ನುವ ಆಸೆ ಆಕೆಗೆ ಬಹಳ ಇತ್ತು. ಆ ವರ್ಷ ಶಿಕ್ಷಕರ ಕ್ರೀಡಾಕೂಟ ಕರಾವಳಿಯ ಒಂದು ಊರಿನಲ್ಲಿ. ನಮ್ಮ ಭಾಗದಿಂದ ಚೆಸ್ಸಿಗೆ ಒಬ್ಬರು ಮಾತ್ರ. ಆಕೆ ಸಮುದ್ರ ನೋಡಿರಲಿಲ್ಲ. ಭೂಗೋಳದ ಪಾಠದಲ್ಲಿ ಪ್ರತಿ ವರ್ಷ ನಕ್ಷೆಗೆ ನೀಲಿ ಬಣ್ಣ ಹಚ್ಚಿಸುತ್ತಿದ್ದಳು, ಅಷ್ಟೇ. "ನಾನಾಗೇ ಓಯ್ತೀನಿ ಅಂದ್ರೆ ಅತ್ತೆ ಕಳ್ಸಲ್ಲ ಮೇಡಂ. ಸರ್ಕಾರದೋರು ಕಾಗ್ದ ಕೊಟ್ರೆ ಮಾತ್ರ ಓಗು ಅಂದವ್ರೆ. ಕಾಗ್ದಕ್ಕೆ ಅವ್ರು ಎದ್ರಾಡಲ್ಲ."

ಆ ಕಾಗದಕ್ಕೂ ಆಕೆಗೂ ನಡುವೆ ಇದ್ದದ್ದು ಒಂದು ಗುಂಡಿ.

೩. ಚೀಲದೊಳಗಿನ ಸದ್ದು

ಅಭ್ಯಾಸ ಹೆಚ್ಚು ಮಾಡಿಸೋಣ ಅಂತ ಒಂದು ಸಂಜೆ ಆಕೆಯ ಜೊತೆಗೇ ಕೊಳ್ಳೇಗಾಲದಿಂದ ಹನೂರಿನ ಬಸ್ಸು ಹತ್ತಿದೆ. ಆಗ ಕಾಡುಗಳ್ಳನನ್ನು ಹುಡುಕುವ ಗಲಾಟೆಯ ಕಾಲ. ದಾರಿಯಲ್ಲಿ ಚೆಕ್‌ಪೋಸ್ಟು, ಬಂದ ಬಸ್ಸನ್ನೆಲ್ಲ ನಿಲ್ಲಿಸಿ ನೋಡುತ್ತಿದ್ದರು.

ಬಸ್ಸು ನಿಂತು ಇಂಜಿನ್ ಆಫ್ ಆಯಿತು. ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ನನ್ನ ತೊಡೆಯ ಮೇಲಿನ ಚೀಲ ಟಿಕ್ ಟಿಕ್ ಟಿಕ್ ಅನ್ನುತ್ತಿತ್ತು. ಬಸ್ಸಿನ ಕುಲುಕಾಟಕ್ಕೆ ಯಾವುದೋ ಗುಂಡಿ ಒತ್ತಿಕೊಂಡಿತ್ತು.

ಪಕ್ಕದ ಸೀಟಿನ ಅಜ್ಜಿ ಎದ್ದು ಹಿಂದಕ್ಕೆ ಹೋದಳು. ಅವಳ ಹಿಂದೆ ಕೋಳಿ ಹಿಡಿದುಕೊಂಡಿದ್ದವನು. ಆಮೇಲೆ ಬಸ್ಸೇ ಖಾಲಿ. ಒಳಗೆ ಉಳಿದವರು ನಾನು, ಟೀಚರಮ್ಮ, ಬಾಗಿಲಲ್ಲಿ ಪೊಲೀಸಿನವನು.

"ಏನದು?"

"ಗಡಿಯಾರ ಸಾರ್."

"ಒಂದಾ?"

"ಎರಡು. ಒಂದೇ ಪೆಟ್ಟಿಗೇಲಿ." ಈ ಉತ್ತರ ಕೊಡಬಾರದಿತ್ತು.

ರಸ್ತೆ ಬದಿಯ ಕಲ್ಲಿನ ಮೇಲೆ ಬೋರ್ಡು ಹಾಸಿ, ಕಾಯಿ ಜೋಡಿಸಿ, ಇದು ಆಟದ ಸಾಮಾನು ಅಂತ ತೋರಿಸಬೇಕಾಯಿತು. ತೋರಿಸಿದ್ದೇ ತಪ್ಪು. ಪೊಲೀಸಿನವನಿಗೆ ಆಸಕ್ತಿ ಬಂತು. "ಎಲ್ಲಿ, ಆಡಿ ತೋರ್ಸಿ" ಅಂತ ಟೀಚರಮ್ಮನ ಎದುರಿಗೆ ಕೂತ. ಎಂಟು ನಡೆಯೊಳಗೆ ಸಿಕ್ಕಿಹಾಕಿಕೊಂಡ. ಸಿಕ್ಕಿಹಾಕಿಕೊಂಡವನು ಯೋಚಿಸತೊಡಗಿದ. ಬಸ್ಸಿನ ಜನ ಸುತ್ತ ನಿಂತು ಅವನ ಪರವಾಗಿ ಸಲಹೆ ಕೊಡತೊಡಗಿದರು. ಇಪ್ಪತ್ತು ನಿಮಿಷ. ಕಂಡಕ್ಟರು ನನ್ನ ಕಿವಿಯ ಹತ್ತಿರ ಬಂದು ಗೋಗರೆದ, "ಮೇಡಂ, ಅದ್ಯಾವ್ದೋ ಗುಂಡಿ ಒತ್ತುದ್ರೆ ಬಿಡ್ತಾರಂತಲ್ಲ, ಒತ್ಸಿ ಮೇಡಂ."

ನಾನು ಟೀಚರಮ್ಮನಿಗೆ ಕಣ್ಣಲ್ಲೇ ಹೇಳಿದೆ, ಒತ್ತಮ್ಮ. ಆಕೆ ಗಾಬರಿಯಿಂದ ನೋಡಿದಳು. "ಪೊಲೀಸ್ನೋರಿಗಾ!"

ಕೊನೆಗೆ ನಾನೇ, ಸುಳ್ಳಾದರೂ ಸರಿ ಅಂತ, "ಸಾರ್, ನಿಯಮದ ಪ್ರಕಾರ ನಿಮ್ಮ ಟೈಮ್ ಮುಗೀತು" ಅಂದೆ.

ಅವನು ಬೋರ್ಡಿನಿಂದ ಕಣ್ಣೆತ್ತಲಿಲ್ಲ. "ಮೇಡಂ, ಈ ಗೇಟಲ್ಲಿ ಟೈಮ್ ಮುಗೀತು ಅಂತ ಹೇಳೋನು ನಾನು."

೪. ಬರೀ ನೀರು

ಆಯ್ಕೆಯ ಕೊನೆಯ ಆಟ ಯಳಂದೂರಿನ ಶಾಲೆಯೊಂದರಲ್ಲಿ. ಅದೃಷ್ಟ ನೋಡಿ, ಕೊನೆಗೆ ಉಳಿದವರು ಇಬ್ಬರು: ಬಂಡಳ್ಳಿ ಟೀಚರಮ್ಮ, ಪಿ.ಟಿ. ಮೇಷ್ಟ್ರು. ಮೇಷ್ಟ್ರ ಆ ಓಟಕ್ಕೆ ತಲೆಸುತ್ತಿ ಉಳಿದವರು ತಾವೇ ತಪ್ಪು ಮಾಡಿ ಸೋತಿದ್ದರು. ಟೀಚರಮ್ಮನ ಹಿರಿಯ ಎದುರಾಳಿಗಳಿಗೆ ಅವತ್ತು ನಾನು ಮೊದಲೇ ಕೈಮುಗಿದು, "ಆಕೆಯ ಗುಂಡಿಯನ್ನೂ ನೀವೇ ಒತ್ತಿಬಿಡಿ" ಅಂದಿದ್ದೆ. ಒಳ್ಳೆಯ ಜನ, ಒತ್ತಿದ್ದರು. ಮೇಷ್ಟ್ರಂತೂ ಆಕೆಗಿಂತ ಚಿಕ್ಕವರು. ಒತ್ತಬಹುದು.

ಆಟದ ಗಡಿಯಾರದ ಮುಖ ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ ಅಂತ ಆಕೆ ತನ್ನದೇ ಒಂದು ಉಪಾಯ ಮಾಡಿಕೊಂಡು ಬಂದಿದ್ದಳು. ಸೆರಗಿನ ಅಂಚಿಗೆ ಆರು ಗಂಟು. ತನ್ನ ಕೈಗಡಿಯಾರದಲ್ಲಿ ಹತ್ತು ನಿಮಿಷವಾದರೆ ಒಂದು ಗಂಟು ಬಿಚ್ಚುವುದು. ಎದುರಿನ ಮೇಷ್ಟ್ರು ಹೇಗೂ ಸಮಯ ತಿನ್ನುವುದಿಲ್ಲ, ಹಾಗಾಗಿ ಆರು ಗಂಟು ಅಂದರೆ ಆಕೆಯ ಒಂದು ಗಂಟೆ. ನಾನು ಇಷ್ಟು ವರ್ಷದಲ್ಲಿ ಹೇಳಿಕೊಟ್ಟ ಯಾವುದಕ್ಕಿಂತಲೂ ಇದು ಚೆನ್ನಾಗಿತ್ತು.

ಎರಡು ಗಂಟೆಗೆ ಗಡಿಯಾರಕ್ಕೆ ಕೀಲಿ ಕೊಟ್ಟು, ಮುಳ್ಳು ತಿರುಗಿಸಿ, ಆಟ ಶುರು ಮಾಡಿಸಿದೆ. ನನ್ನ ತಲೆ ಅಲ್ಲಿರಲಿಲ್ಲ. ಮರುದಿನ ನಾನು ಕಲ್ಕತ್ತೆಗೆ ಹೊರಡಬೇಕು, ಮೈಸೂರಿಗೆ ಬೇಗ ಬಸ್ಸು ಸಿಕ್ಕರೆ ಸಾಕು ಅಂತ ಬಾಗಿಲ ಕಡೆಯೇ ನೋಡುತ್ತಿದ್ದೆ.

ಟೀಚರಮ್ಮ ಅದ್ಭುತವಾಗಿ ಆಡಿದಳು. ಪ್ರತಿ ನಡೆಗೂ ಗುಂಡಿಯನ್ನು ಎರಡು ಬೆರಳಲ್ಲಿ, ಮಗುವಿನ ಕೆನ್ನೆ ಮುಟ್ಟಿದ ಹಾಗೆ ಒತ್ತಿದಳು. ಮೇಷ್ಟ್ರು ಗೋಡೆಗೆ ಒತ್ತಿದ ಹಲ್ಲಿಯಂತಾಗಿದ್ದರು. ಆಗ ಆಕೆಯ ಬಾವುಟ ಬಿತ್ತು.

ಆಕೆ ಬಾವುಟ ನೋಡಿದಳು. ಸೆರಗು ನೋಡಿದಳು. "ಮೇಡಂ, ಇನ್ನೂ ಮೂರು ಗಂಟು ಅದೆ."

"ಗಂಟಿನ ಲೆಕ್ಕ ಬರಲ್ಲಮ್ಮ, ಗಡಿಯಾರದ ಲೆಕ್ಕ" ಅಂದೆ. ಸಹಿ ಹಾಕಿದೆ. ಓಡಿದೆ. ಎರಡೂ ಮುಕ್ಕಾಲಿನ ಬಸ್ಸು ಸಿಕ್ಕಿತು. ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ಎಂಥ ಅದೃಷ್ಟ ಅಂದುಕೊಂಡು ಕಾಲು ಚಾಚಿದೆ.

ಬಸ್ಸು ಯಳಂದೂರು ದಾಟಿ ಹತ್ತು ನಿಮಿಷವಾಗಿರಬೇಕು. ಎರಡು ಗಂಟೆಗೆ ಆಟ ಶುರು. ಒಂದು ಗಂಟೆ ಪೂರ್ತಿ ಯೋಚಿಸಿ ಸೋತವಳ ಆಟ ಮುಗಿಸಿ ನಾನು ಎರಡೂ ಮುಕ್ಕಾಲಿನ ಬಸ್ಸನ್ನು ಹೇಗೆ ಹಿಡಿದೆ?

ಚೀಲದಿಂದ ಗಡಿಯಾರ ತೆಗೆದೆ. ಎರಡೂ ಮುಖ ಐದು ಗಂಟೆಗೆ ಇಟ್ಟರೆ ಆರಕ್ಕೆ ಬಾವುಟ ಬೀಳಬೇಕು. ಮೇಷ್ಟ್ರದು ಐದು ಗಂಟೆ ಐದು ನಿಮಿಷ. ಆಕೆಯದು ಆರು. ಆಟ ನಡೆದದ್ದು ಒಟ್ಟು ಮೂವತ್ತೈದೇ ನಿಮಿಷ. ಬಸ್ಸಿನ ಧ್ಯಾನದಲ್ಲಿ ಆಕೆಯ ಮುಖವನ್ನು ನಾನು ಐದೂವರೆಗೆ ಇಟ್ಟಿದ್ದೆ. ಸಮಯಪಾಲನೆಯ ಗುರು.

ಇಳಿಯಬೇಕಿತ್ತು. ಇಳಿಯಲಿಲ್ಲ. ಕಲ್ಕತ್ತೆಯಿಂದ ಬರೆಯುತ್ತೇನೆ ಅಂದುಕೊಂಡೆ. ಅಲ್ಲಿಂದ ಬರೆಯಲಿಲ್ಲ. ಆಮೇಲೆ ಎಲ್ಲೆಲ್ಲಿಂದಲೋ ಬರೆಯಲಿಲ್ಲ.

ಕರಾವಳಿಗೆ ಹೋಗಿ ಬಂದ ಪಿ.ಟಿ. ಮೇಷ್ಟ್ರು ಮುಂದೊಮ್ಮೆ ಮೈಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಜೀವ ಬಿಗಿಹಿಡಿದು ಕೇಳಿದೆ, "ಸಮುದ್ರ ಹೇಗಿತ್ತು ಮೇಷ್ಟ್ರೇ?"

"ಏನಿಲ್ಲ ಮೇಡಂ. ಬರೀ ನೀರು. ಐದ್ ನಿಮ್ಸ ನೋಡ್ದೆ, ಬಂದ್ಬುಟ್ಟೆ."

೫. ಅಸಲು ಮತ್ತು ಬಡ್ಡಿ

ಕೊನೆಗೂ ಬಂಡಳ್ಳಿ ಸಿಕ್ಕಿದಾಗ ನಾಲ್ಕು ಗಂಟೆ. ಕೊನೆಯ ಬಸ್ಸು ಐದಕ್ಕೆ. ಟೀಚರಮ್ಮ ಮನೆ ಜಗಲಿಯ ಮೇಲೆ ಕೂತು ಪರೀಕ್ಷೆಯ ಪೇಪರು ತಿದ್ದುತ್ತಿದ್ದಳು. ತಲೆಯಲ್ಲಿ ಒಂದೆರಡು ಬಿಳಿ ಕೂದಲು. ನನ್ನನ್ನು ಕಂಡು, ಹೋದ ವಾರ ಬಂದು ಹೋದವಳನ್ನು ಕಂಡ ಹಾಗೆ, "ಬನ್ನಿ ಮೇಡಂ, ಟೀ ಕುಡೀರಿ" ಅಂದಳು.

ಟೀ ಲೋಟ ಕೆಳಗಿಟ್ಟೆ. ಹೇಳಿಬಿಟ್ಟೆ. ಐದೂವರೆಗೆ ಇಟ್ಟದ್ದು, ಬಸ್ಸಿನಲ್ಲಿ ಗೊತ್ತಾದದ್ದು, ಇಳಿಯದೆ ಹೋದದ್ದು.

"ನಂಗೆ ಅವತ್ತೇ ಗೊತ್ತಿತ್ತು ಮೇಡಂ" ಅಂದಳು. "ಮೂರು ಗಂಟು ಉಳ್ದಿತ್ತಲ್ಲ."

"ಮತ್ತೆ ಯಾಕೆ ಜಗಳ ಆಡಲಿಲ್ಲ?"

"ನಿಮ್ಗೆ ಬಸ್ ಇತ್ತಲ್ಲ."

ನಾನು ಜಗತ್ತಿನ ಬಹಳ ಕಡೆ ಬೈಗುಳ ತಿಂದಿದ್ದೇನೆ. ಇಷ್ಟು ಆಳಕ್ಕೆ ಇಳಿದದ್ದು ಯಾವುದೂ ಇಲ್ಲ.

ಚೀಲದಿಂದ ಒಂದು ಕಾಗದ ತೆಗೆದು ಜಗಲಿಯ ಮೇಲಿಟ್ಟೆ. ಈ ವರ್ಷ ಶಿಕ್ಷಕರ ಕೂಟ ಮತ್ತೆ ಕರಾವಳಿಯಲ್ಲಿ. ಆರಿಸುವ ಕೆಲಸ ನನ್ನದು. ಹೆಸರಿನ ಜಾಗ ಖಾಲಿ. "ಆದರೆ ಪುಕ್ಕಟೆ ಬರೆಯಂಗಿಲ್ಲ ಟೀಚರಮ್ಮ. ನನ್ನ ಎದುರಿಗೆ ಒಂದು ಆಟ ಸಮಯದೊಳಗೆ ಗೆಲ್ಲಬೇಕು. ಅವತ್ತಿನ ಆಟ ನೆನಪಿದೆಯಾ?"

ನೆನಪಿರಬೇಕೇ! ಒಳಗಿನಿಂದ ಬೋರ್ಡು ತಂದು ಬಾವುಟ ಬಿದ್ದಾಗ ಕಾಯಿ ಹೇಗಿದ್ದವೋ ಹಾಗೇ ಜೋಡಿಸಿದಳು. ಒಂದು ಕುದುರೆ ಕಳೆದುಹೋಗಿತ್ತು, ಅದರ ಜಾಗಕ್ಕೆ ಸೀಮೆಸುಣ್ಣದ ತುಂಡು. ಮೇಷ್ಟ್ರ ಕಡೆ ನಾನು ಕೂತೆ. ಆಕೆಯ ಗಡಿಯಾರಕ್ಕೆ ಬಾಕಿ ಅರ್ಧ ಗಂಟೆ. ನನ್ನದಕ್ಕೆ ಹತ್ತೇ ನಿಮಿಷ ಸಾಕು, ಬಸ್ಸಿದೆಯಲ್ಲ. ಈ ಸಲ ಮುಳ್ಳನ್ನು ಮೂರು ಸಲ ನೋಡಿದೆ. ಆಕೆ ಸೆರಗಿಗೆ ಮೂರು ಗಂಟು ಹಾಕಿಕೊಂಡಳು. ನಡೆ ಆಕೆಯದು.

ಆಕೆ ಯೋಚಿಸತೊಡಗಿದಳು.

ಒಂದು ಗಂಟು ಬಿಚ್ಚಿದಳು. ಕಾಯಿ ಮುಟ್ಟಲಿಲ್ಲ. ನಾನು ಕಾಲು ಬದಲಿಸಿದೆ. ಎರಡನೆಯ ಗಂಟು. ಒಳಗಿನಿಂದ ಅತ್ತೆ ಬಂದು ನೋಡಿ, "ಇನ್ನೂ ಶುರು ಮಾಡಿಲ್ವಾ?" ಅಂತ ಕೇಳಿ ಹೋದರು. ನಾನು ಎರಡು ಕೈಯನ್ನೂ ತೊಡೆಯ ಕೆಳಗಿಟ್ಟು ಅದರ ಮೇಲೆ ಕೂತೆ. ಹತ್ತು ಎಣಿಸಿದೆ, ನೂರು ಎಣಿಸಿದೆ. ಅರ್ಧ ಗಂಟೆ ಇಷ್ಟು ಉದ್ದ ಇರುತ್ತದೆ ಅಂತ ನನಗೆ ಐವತ್ತೈದು ವರ್ಷ ಯಾರೂ ಹೇಳಿರಲಿಲ್ಲ. ದೂರದಲ್ಲಿ ಬಸ್ಸಿನ ಹಾರ್ನು ಕೇಳಿತು.

ಮೂರನೆಯ ಗಂಟು ಬಿಚ್ಚಿಕೊಂಡಿತು. ಬಾವುಟ ಮುಳ್ಳಿನ ತುದಿಯ ಮೇಲೆ ನಿಂತಿತ್ತು. ಆಗ ಆಕೆ ಆ ಸೀಮೆಸುಣ್ಣವನ್ನು ಎತ್ತಿ ನನ್ನ ರಾಜನ ಪಕ್ಕಕ್ಕೆ ಇಟ್ಟಳು. ಕೈ ಗುಂಡಿಯ ಮೇಲೆ ಬಂತು. ಅಲ್ಲೇ ನಿಂತಿತು.

"ಮೇಡಂ, ನೀವು ದೊಡ್ಡೋರು..."

"ಒತ್ತಮ್ಮ!"

"ಅಲ್ಲ, ನೀವು ಕಲ್ಸಿದೋರು, ಮನೀಗ್ ಬಂದೋರು ಬ್ಯಾರೆ..."

"ಒತ್ತೇ ನನ್ನ ತಾಯಿ!"

ಕಣ್ಣು ಮುಚ್ಚಿಕೊಂಡು ಒತ್ತಿಬಿಟ್ಟಳು. ಟಪ್ ಅಂತ. ಅತ್ತೆ ಒಳಗಿನಿಂದ "ಏನ್ ಬಿತ್ತೇ?" ಅಂತ ಕೂಗಿದರು.

ಈಗ ಓಡುತ್ತಿದ್ದದ್ದು ನನ್ನ ಗಡಿಯಾರ. ಬಸ್ಸು ಬಂದು ತಿರುಗಿಸಿಕೊಂಡು ನಿಂತಿತ್ತು. ಒಂದೇ ಓಟಕ್ಕೆ ಹೋಗಿ ಕಂಡಕ್ಟರನಿಗೆ, "ಎರಡು ನಿಮಿಷ ನಿಲ್ಲಿಸಪ್ಪ, ಒಂದು ನಡೆ ಆಡಿ ಬಂದುಬಿಡ್ತೀನಿ" ಅಂದೆ.

"ಏನ್ ಆಟ ಮೇಡಂ?"

"ಚೆಸ್ಸು."

"ಓ! ನಮ್ ಬಾಮೈದ್ನೂ ಆಡ್ತಾನೆ. ಅವುನ್ ಕತೆ ಏನಂದ್ರೆ..." ಬಾಮೈದನ ಕತೆ ಶುರುವಾಯಿತು. ಬಸ್ಸು ನಿಲ್ಲಿಸಿಕೊಂಡಿರುವವನ ಮಾತಿನ ಮಧ್ಯೆ ಹೊರಟು ಬರುವುದು ಹೇಗೆ? ಬಾಮೈದ ಮದುವೆಯಾಗಿ, ಕೆಲಸ ಬಿಟ್ಟು, ಮತ್ತೆ ಸೇರಿಕೊಂಡ. "ಸರಿ, ಟೈಮಾಯ್ತು, ಬತ್ತೀರಾ ಇಲ್ವಾ?" ಅಂದ ಕಂಡಕ್ಟರು.

"ಚೀಲ ಅಲ್ಲಿದೆ, ಒಂದು ನಿಮಿಷ..."

ರೈಟ್ ಅಂದ. ಧೂಳೆಬ್ಬಿಸಿಕೊಂಡು ಬಸ್ಸು ಹೋಯಿತು. ಜಗಲಿಗೆ ಬಂದರೆ ನನ್ನ ಬಾವುಟ ಬಿದ್ದಿತ್ತು. ಟೀಚರಮ್ಮ ಎದ್ದು ನಿಂತಿದ್ದಳು, ತಪ್ಪು ಮಾಡಿದವರ ಹಾಗೆ.

"ಮೇಡಂ, ಬೇಜಾರ್ ಮಾಡ್ಕಬೇಡಿ. ನಿಮ್ ಟೈಮ್ ಆಗೋಯ್ತು."

ಕೂತು ಬೋರ್ಡು ನೋಡಿದೆ. ಸಮಯ ಇದ್ದಿದ್ದರೂ ಎರಡೇ ನಡೆಯಲ್ಲಿ ನನ್ನ ರಾಜ ಮುಗಿಯುತ್ತಿದ್ದ. ಯಳಂದೂರಿನಲ್ಲೂ ಹಾಗೇ ಆಗಬೇಕಿತ್ತು. ಖಾಲಿ ಜಾಗದಲ್ಲಿ ಆಕೆಯ ಹೆಸರು ಬರೆದು ಸಹಿ ಹಾಕಿದೆ. ಅತ್ತೆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, ಸೀಲು ಎಲ್ಲಿದೆ ಅಂತ ಖಾತ್ರಿ ಮಾಡಿಕೊಂಡು, "ಇನ್ನೇನ್ ಮಾಡದು, ಸರ್ಕಾರದ್ದು" ಅಂದರು.

ಟೀಚರಮ್ಮ ಕಾಗದವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು. "ಸಮುದ್ರಾವ ಎಷ್ಟೊತ್ತು ನೋಡಬೌದು ಮೇಡಂ? ಅದ್ಕೂ ಟೈಮ್ ಅಂತ ಏನಾರ ಅದಾ?"

"ಇಲ್ಲಮ್ಮ. ಅಲ್ಲಿ ಗುಂಡಿ ಒತ್ತೋರು ಯಾರೂ ಇಲ್ಲ."

"ಅಂಗಾರೆ ಸರಿ." ಕಾಯಿಗಳನ್ನು ಮತ್ತೆ ಮೊದಲಿನಿಂದ ಜೋಡಿಸತೊಡಗಿದಳು. "ಇನ್ನ ಬಸ್ ಬೆಳಗ್ಗೆ ಆರೂವರೆಗೇ. ಕೂತ್ಕಳಿ ಮೇಡಂ, ನಿಧಾನುಕ್ಕೆ ಒಂದಾಟ ಆಡವಾ."

ಅಸಲು ಅರ್ಧ ಗಂಟೆ ಅವತ್ತು ಸಂಜೆ ತೀರಿತು. ಬಡ್ಡಿ ಕಟ್ಟುವುದು ಬೆಳಗಿನ ಆರೂವರೆಯ ಬಸ್ಸಿನವರೆಗೂ ನಡೆಯಿತು. ಅಷ್ಟರಲ್ಲಿ ಆಕೆ ಹನ್ನೊಂದು ನಡೆ ಆಡಿದ್ದಳು.